ಹತ್ತು ವರ್ಷ ದಾಟಿದ ಪೋಲೋ, ವೆಂಟೋ: ದೂರದ ಪ್ರಯಾಣಕ್ಕೆ ಮೊದಲು ಮೂರು ವಾರದ ಕೆಲಸ

ಶನಿವಾರ ಬೆಳಿಗ್ಗೆ ಊಟಿಗೆ ಹೊರಡಬೇಕು. ಶುಕ್ರವಾರ ಗಾಡಿಯನ್ನು ಸರ್ವಿಸ್‌ಗೆ ಬಿಡುತ್ತಾರೆ. ಆಯಿಲ್ ಬದಲಾಗುತ್ತದೆ, ಗಾಡಿ ತೊಳೆದು ಕೊಡುತ್ತಾರೆ, ರಾತ್ರಿ ಎಂಟಕ್ಕೆ ಮನೆ ಸೇರುತ್ತದೆ. ಮರುದಿನ ಗುಂಡ್ಲುಪೇಟೆ ದಾಟುವ ಹೊತ್ತಿಗೆ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ದೀಪ ಮಿನುಗುತ್ತದೆ. ಮೈಸೂರು, ಮಂಡ್ಯ ಕಡೆ ಫೋಕ್ಸ್‌ವ್ಯಾಗನ್ನಿನ ಹಳೆಯ ಪೋಲೋ, ವೆಂಟೋ ಕಾರು ಇಟ್ಟುಕೊಂಡ ಗೆಳೆಯರು ದಾರಿಯಿಂದ ನನಗೆ ಫೋನ್ ಮಾಡಿದರೆ ಹೆಚ್ಚಾಗಿ ಇದೇ ಕಥೆ. "ನಿನ್ನೆ ತಾನೇ ಸರ್ವಿಸ್ ಮಾಡಿಸಿದ್ದೆ" ಅನ್ನುತ್ತಾರೆ. ತೊಂದರೆ ಇರುವುದೇ ಆ "ನಿನ್ನೆ"ಯಲ್ಲಿ.

ಹಳೆಯ ಗಾಡಿಯಲ್ಲಿ ಒಂದು ಪಾರ್ಟು ಬಿಚ್ಚಿದರೆ ಪಕ್ಕದ ಪಾರ್ಟು ಅಲುಗಾಡುತ್ತದೆ. ಹತ್ತು ವರ್ಷ ಬಿಸಿಯಲ್ಲಿ ಬೆಂದ ಪ್ಲಾಸ್ಟಿಕ್ ಒಮ್ಮೆ ಮುಟ್ಟಿದರೆ ಬಿರುಕು ಬಿಡಬಹುದು. ಆ ಬಿರುಕು ಮೊದಲ 200-300 ಕಿ.ಮೀ.ಗಳಲ್ಲೇ ತೋರುವುದು ಜಾಸ್ತಿ. ಹಾಗಾಗಿ ಆ ಕಿ.ಮೀ.ಗಳನ್ನು ಊರ ಸುತ್ತಲೇ ಓಡಿಸಿ ಮುಗಿಸಬೇಕು, ಘಾಟಿಯಲ್ಲಲ್ಲ. ಕೆಳಗಿನ ಹಂತಗಳನ್ನು ಅದಕ್ಕೇ ಈ ಕ್ರಮದಲ್ಲಿ ಇಟ್ಟಿದ್ದೇನೆ. ದಯವಿಟ್ಟು ಕ್ರಮ ಬದಲಿಸಬೇಡಿ.

ನಾನು ಬರೆಯುತ್ತಿರುವುದು 2010ರಿಂದ 2016ರ ನಡುವಿನ ಪೋಲೋ, ವೆಂಟೋಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬೇರೆ ಹಳೆಯ ಜರ್ಮನ್ ಗಾಡಿಗೂ ಕ್ರಮ ಇದೇ. ಅಳತೆ, ನಂಬರುಗಳನ್ನು ಮಾತ್ರ ನಿಮ್ಮ ಗಾಡಿಯ ಪುಸ್ತಕದಲ್ಲಿ ನೋಡಿಕೊಳ್ಳಿ.

## ಮೊದಲು ಸಾಮಾನು

ಈ ಗಾಡಿಗಳಲ್ಲಿ ಸಾಮಾನ್ಯ ಸ್ಕ್ರೂ ಡ್ರೈವರ್‌ಗೆ ಕೆಲಸ ಕಡಿಮೆ. ಆರು ಮೂಲೆಯ ನಕ್ಷತ್ರದಂತಿರುವ ಟಾರ್ಕ್ಸ್ ಬಿಟ್‌ಗಳು ಬೇಕು, ಮುಖ್ಯವಾಗಿ ಟಿ20, ಟಿ25, ಟಿ30. ಜೊತೆಗೆ ಹನ್ನೆರಡು ಹಲ್ಲಿನ ಸ್ಪ್ಲೈನ್ ಬಿಟ್, ಎಂ8 ಮತ್ತು ಎಂ10. ನೋಡಲು ಎರಡೂ ಒಂದೇ ತರಹ ಕಾಣುತ್ತವೆ. ಹನ್ನೆರಡು ಹಲ್ಲಿನ ಬೋಲ್ಟಿಗೆ ಟಾರ್ಕ್ಸ್ ತುರುಕಿ ತಿರುಗಿಸಿದರೆ ಬೋಲ್ಟಿನ ತಲೆ ಸವೆದು ಹೋಗುತ್ತದೆ. ಆಮೇಲೆ ಡ್ರಿಲ್ ಹಾಕಿ ತೆಗೆಯಬೇಕು. ಬಿಟ್ ಹಾಕುವ ಮುಂಚೆ ಬೋಲ್ಟಿನ ಕುಳಿಯಲ್ಲಿರುವ ಮಣ್ಣನ್ನು ಸೂಜಿಯಿಂದ ಕೆರೆದು, ಹಲ್ಲು ಎಣಿಸಿ.

ಬೋಲ್ಟಿನ ಬಿಗಿ ಅಳೆದು ತಿರುಗಿಸುವ ಟಾರ್ಕ್ ರೆಂಚ್, 17ರ ಸಾಕೆಟ್, ಒಳ್ಳೆಯ ಟಾರ್ಚು, ಮಲ್ಟಿಮೀಟರ್, ಎರಡು ಜಾಕಿ ಸ್ಟ್ಯಾಂಡ್ ಇರಲಿ. ಬರೀ ಜಾಕಿ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷಕ್ಕೂ ಬೇಡ.

ಇನ್ನೊಂದು ಬೇಕಾದದ್ದು ಸ್ಕ್ಯಾನರ್. ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಅಗ್ಗದ ಸ್ಕ್ಯಾನರ್ ಎಂಜಿನ್ನಿನ ತೊಂದರೆ ಹೇಳುವ ಕೋಡ್ ಓದುತ್ತದೆ, ಅಷ್ಟೇ. ಎಬಿಎಸ್, ಏರ್‌ಬ್ಯಾಗ್, ಗೇರ್‌ಬಾಕ್ಸ್ ಓದಲು ಫೋಕ್ಸ್‌ವ್ಯಾಗನ್ ಗುಂಪಿನ ಗಾಡಿಗಳಿಗೆಂದೇ ಇರುವ ಸ್ಕ್ಯಾನರ್ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಅದು ಇರುವ ಗ್ಯಾರೇಜಿಗೆ ಹೋಗಿ.

## ಹಂತ 1: ಮೂರು ವಾರ ಮೊದಲು, ಬರೀ ನೋಡುವ ಕೆಲಸ

ಈ ದಿನ ಏನನ್ನೂ ಬಿಚ್ಚಬೇಡಿ. ಏನನ್ನೂ ತೊಳೆಯಬೇಡಿ. ಎಂಜಿನ್ ತೊಳೆಸಿ ಆಮೇಲೆ ಲೀಕ್ ಹುಡುಕುವುದು ಎಲ್ಲರೂ ಮಾಡುವ ತಪ್ಪು. ಲೀಕ್ ಇದ್ದ ಜಾಗದಲ್ಲಿ ಧೂಳು ಅಂಟಿ ಕಪ್ಪಾಗಿರುತ್ತದೆ, ಇಲ್ಲವೇ ಕೂಲೆಂಟ್ ಒಣಗಿ ಗುಲಾಬಿ ಬಣ್ಣದ ಪುಡಿ ಕೂತಿರುತ್ತದೆ. ಅದು ನಿಮಗೆ ಸಿಗುವ ಸಾಕ್ಷಿ. ಪ್ರೆಶರ್ ವಾಷ್‌ನಲ್ಲಿ ಅದೆಲ್ಲ ಹೋಗಿಬಿಡುತ್ತದೆ.

ರಾತ್ರಿ ಗಾಡಿಯ ಕೆಳಗೆ ಹಳೆಯ ರಟ್ಟು ಹಾಸಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರಟ್ಟು ನೋಡಿ. ಕಪ್ಪು ಅಥವಾ ಕಂದು ಕಲೆ ಆಯಿಲ್. ಗುಲಾಬಿ, ನೇರಳೆ ಬಣ್ಣ, ಸ್ವಲ್ಪ ಸಿಹಿ ವಾಸನೆ ಇದ್ದರೆ ಕೂಲೆಂಟ್. ಎಸಿ ಹಾಕಿದ್ದರೆ ಬರೀ ನೀರು ಬಿದ್ದಿರುತ್ತದೆ, ಅದಕ್ಕೆ ಹೆದರಬೇಡಿ.

ಆಮೇಲೆ ಸ್ಕ್ಯಾನ್ ಮಾಡಿ. ಬಂದ ಕೋಡ್‌ಗಳನ್ನು ಬರೆದುಕೊಳ್ಳಿ, ಫೋಟೋ ತೆಗೆದಿಡಿ. ಓದದೆ ಅಳಿಸಬೇಡಿ. ಬರೆದುಕೊಂಡ ಮೇಲೆ ಅಳಿಸಿ, ಎರಡು ದಿನ ಓಡಿಸಿ, ಮತ್ತೆ ಓದಿ. ವಾಪಸ್ ಬಂದ ಕೋಡ್ ಮಾತ್ರ ಈಗಿನ ತೊಂದರೆ. ಹಳೆಯದು ಯಾವಾಗಲೋ ಬ್ಯಾಟರಿ ಇಳಿದಾಗ ಕೂತಿರಬಹುದು.

ಬೇಕಾದ ಪಾರ್ಟುಗಳ ಪಟ್ಟಿಯನ್ನು ಇವತ್ತೇ ಮಾಡಿ. ಮೈಸೂರಿನಲ್ಲಿ ಸಿಗದ್ದನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಆನ್‌ಲೈನಿಂದಲೋ ತರಿಸಬೇಕಾಗುತ್ತದೆ. ಪಾರ್ಟ್ ನಂಬರ್ ಕೊಟ್ಟು ಕೇಳಿ. ಒಂದೇ ವರ್ಷದ ಎರಡು ಪೋಲೋಗಳಿಗೆ ಬೇರೆ ಬೇರೆ ಪಾರ್ಟು ಇರುವುದುಂಟು. ಷಾಸಿ ನಂಬರ್ ಹೇಳಿದರೆ ಗೊಂದಲ ಇರುವುದಿಲ್ಲ.

## ಹಂತ 2: ಕೂಲಿಂಗ್ (ಇಲ್ಲಿ ಆತುರ ಬೇಡ)

ಘಾಟಿಯಲ್ಲಿ ಗಾಡಿ ಕೈಕೊಟ್ಟಾಗ ನಾನು ಮೊದಲು ಅನುಮಾನ ಪಡುವುದು ಇದನ್ನೇ. ಅದಕ್ಕೇ ಈ ಹಂತಕ್ಕೆ ಇಡೀ ಒಂದು ದಿನ ಇಡಿ.

ಮೊದಲು ಮೀಟರಿನ ಬಗ್ಗೆ ಒಂದು ಮಾತು. ಎಂಜಿನ್ ಬಿಸಿಯಾದ ಮೇಲೆ ಟೆಂಪರೇಚರ್ ಮುಳ್ಳು 90ರಲ್ಲಿ ನಿಲ್ಲುತ್ತದೆ. ಕೂಲೆಂಟಿನ ನಿಜವಾದ ಬಿಸಿ ಸುಮಾರು 75ರಿಂದ 105 ಡಿಗ್ರಿವರೆಗೆ ಏರಿಳಿದರೂ ಮುಳ್ಳು ಅಲ್ಲೇ ಇರುವಂತೆ ಕಂಪನಿಯವರೇ ಮಾಡಿದ್ದಾರೆ. ಅಂದರೆ ಮುಳ್ಳು 90 ದಾಟಿ ಏರುವುದನ್ನು ನೀವು ನೋಡುವ ಹೊತ್ತಿಗೆ ತಡವಾಗಿರುತ್ತದೆ. ನಿಜವಾದ ಬಿಸಿ ಬೇಕಿದ್ದರೆ ಸ್ಕ್ಯಾನರಿನಲ್ಲಿ ನೋಡಬೇಕು. ಅಗ್ಗದ್ದಾದರೂ ಸಾಕು. ಏರು ಹತ್ತುವಾಗ ಪಕ್ಕದಲ್ಲಿ ಕೂತವರ ಕೈಯಲ್ಲಿ ಆ ಫೋನ್ ಇರಲಿ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲೆಂಟ್ ಡಬ್ಬಿಯ ಮಟ್ಟ ನೋಡಿ. ಮಿನ್, ಮ್ಯಾಕ್ಸ್ ಗೆರೆಗಳ ನಡುವೆ ಇರಬೇಕು. ಟೇಪ್ ಅಂಟಿಸಿ ಗುರುತು ಮಾಡಿ. ಒಂದು ವಾರದಲ್ಲಿ ಗುರುತಿಗಿಂತ ಇಳಿದರೆ ಎಲ್ಲೋ ಲೀಕ್ ಇದೆ ಎಂದೇ ಅರ್ಥ. "ಸ್ವಲ್ಪ ಆವಿಯಾಗಿರುತ್ತೆ ಬಿಡಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇದು ಮುಚ್ಚಿದ ವ್ಯವಸ್ಥೆ, ವಾರಕ್ಕೆ ಅಷ್ಟು ಆವಿ ಆಗುವುದಿಲ್ಲ.

ಹುಡುಕುವ ಜಾಗಗಳು ಇವು: ಎಂಜಿನ್ ಹೆಡ್ಡಿಗೆ ಕೂತಿರುವ ಥರ್ಮೋಸ್ಟಾಟಿನ ಪ್ಲಾಸ್ಟಿಕ್ ಮನೆ, ಹೋಸ್ ಪೈಪ್ ಸೇರುವ ಪ್ಲಾಸ್ಟಿಕ್ ಫ್ಲ್ಯಾಂಜ್, ವಾಟರ್ ಪಂಪಿನ ಕೆಳಗೆ, ರೇಡಿಯೇಟರಿನ ಎರಡು ಬದಿಯಲ್ಲಿ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಮ್ಮೂ ಸೇರುವ ಅಂಚು. ಹೋಸ್ ಪೈಪನ್ನು ಕೈಯಲ್ಲಿ ಹಿಂಡಿ. ಊದಿಕೊಂಡು ಮೆತ್ತಗಾಗಿದ್ದರೂ ಸರಿಯಲ್ಲ, ಒಣಗಿದ ಕಡ್ಡಿಯಂತೆ ಚಟಪಟ ಅಂದರೂ ಸರಿಯಲ್ಲ. ಎರಡಕ್ಕೂ ಹೊಸದು ಹಾಕಿ.

ಕ್ಲಾಂಪಿನ ವಿಷಯ ಗಮನಿಸಿ. ಕಂಪನಿಯಿಂದ ಬರುವುದು ಸ್ಪ್ರಿಂಗ್ ಕ್ಲಾಂಪ್. ಬಿಸಿಗೆ ರಬ್ಬರ್ ಹಿಗ್ಗಿ ಕುಗ್ಗಿದಂತೆ ಅದೂ ಹೊಂದಿಕೊಳ್ಳುತ್ತದೆ. ಎಷ್ಟೋ ಗ್ಯಾರೇಜುಗಳಲ್ಲಿ ಅದನ್ನು ಬಿಸಾಡಿ ಸ್ಕ್ರೂ ಕ್ಲಾಂಪ್ ಹಾಕಿ ಬಿಗಿಯುತ್ತಾರೆ. ಹಳೆಯ ಪ್ಲಾಸ್ಟಿಕ್ ಫ್ಲ್ಯಾಂಜ್ ಆ ಬಿಗಿಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ದಿನ ಗೊತ್ತಾಗುವುದಿಲ್ಲ. ಸ್ಪ್ರಿಂಗ್ ಕ್ಲಾಂಪನ್ನೇ ವಾಪಸ್ ಹಾಕಿಸಿ.

ಇನ್ನು ಕೂಲೆಂಟು. ಜಿ12 ಅಥವಾ ಜಿ13 ದರ್ಜೆಯ ಗುಲಾಬಿ, ನೇರಳೆ ಕೂಲೆಂಟ್, ಅದಕ್ಕೆ ಸಮಪಾಲು ಡಿಸ್ಟಿಲ್ಡ್ ವಾಟರ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಹಸಿರು ಕೂಲೆಂಟನ್ನು ಇದಕ್ಕೆ ಬೆರೆಸಬೇಡಿ. ಬೆರೆತರೆ ಕಂದು ಬಣ್ಣದ ರಾಡಿಯಾಗಿ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕೂರುತ್ತದೆ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಕಡೆ ಬೋರ್ ನೀರು ಗಡಸು. ಬಕೆಟ್‌ನಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಿ ಅಲ್ವಾ? ಅದೇ ಪೊರೆ ಎಂಜಿನ್ ಒಳಗೂ ಕಟ್ಟುತ್ತದೆ.

ನನ್ನ ಗಾಡಿಗೆ ಒಮ್ಮೆ ಒಂದು ಗ್ಯಾರೇಜಿನಲ್ಲಿ ಹೋಸ್ ಬದಲಿಸಿ, ನನಗೆ ಹೇಳದೆ ಬೋರ್ ನೀರು ತುಂಬಿದ್ದರು. ಆರು ತಿಂಗಳಾದ ಮೇಲೆ ಬಂಡೀಪುರದ ಕಾಡಿನ ನಡುವೆ, ಇಳಿಯಲೂ ಆಗದ ಜಾಗದಲ್ಲಿ, ಬಿಸಿ 112 ತೋರಿಸಿತು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ನಿಧಾನಕ್ಕೆ ಓಡಿಸಿ ಹೇಗೋ ಕಾಡು ದಾಟಿದೆ. ಅಂದಿನಿಂದ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಕ್ಯಾನನ್ನು ನಾನೇ ಗ್ಯಾರೇಜಿಗೆ ತೆಗೆದುಕೊಂಡು ಹೋಗುತ್ತೇನೆ. ಎದುರಿಗೇ ನಿಂತು ಹಾಕಿಸುತ್ತೇನೆ.

ತುಂಬಿದ ಮೇಲೆ ಒಳಗಿನ ಗಾಳಿ ತೆಗೆಯಬೇಕು. ಒಳಗೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ನಿಧಾನಕ್ಕೆ ತುಂಬಿ, ಎಂಜಿನ್ ಆನ್ ಮಾಡಿ, ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಬಿಡಿ. ಮೇಲಿನ, ಕೆಳಗಿನ ಹೋಸ್ ಎರಡೂ ಬಿಸಿಯಾಗಬೇಕು. ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಇನ್ನೂ ಗಾಳಿ ಸಿಕ್ಕಿಕೊಂಡಿದೆ. ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಮಟ್ಟ ನೋಡಿ, ಕಡಿಮೆ ಇದ್ದರೆ ತುಂಬಿ. ಎರಡು ಮೂರು ಸಲ ಹೀಗೆ ಮಾಡಬೇಕಾಗಬಹುದು.

ಕೊನೆಗೆ ಫ್ಯಾನ್. ಎಂಜಿನ್ ಓಡುತ್ತಿರುವಾಗ ಎಸಿ ಹಾಕಿ. ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ನಿಧಾನ ವೇಗದಲ್ಲಿ ತಿರುಗಬೇಕು. ತಿರುಗದೆ, ತುಂಬಾ ಬಿಸಿಯಾದ ಮೇಲೆ ಮಾತ್ರ ಒಮ್ಮೆಲೇ ಜೋರಾಗಿ ಶುರುವಾದರೆ, ನಿಧಾನ ವೇಗದ ರೆಸಿಸ್ಟರ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಊರಲ್ಲಿ ಓಡಾಡುವಾಗ ಇದು ಗೊತ್ತೇ ಆಗುವುದಿಲ್ಲ. ಏರಿನ ಟ್ರಾಫಿಕ್ಕಿನಲ್ಲಿ ಗೊತ್ತಾಗುತ್ತದೆ.

## ಹಂತ 3: ಟೈಮಿಂಗ್ ಬೆಲ್ಟ್ (ಟಿಡಿಐ ಡೀಸೆಲ್ ಇದ್ದವರಿಗೆ)

ವಾಲ್ವ್, ಪಿಸ್ಟನ್‌ಗಳನ್ನು ಒಂದೇ ತಾಳದಲ್ಲಿ ಓಡಿಸುವುದು ಈ ಬೆಲ್ಟ್. ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಎಂಜಿನ್ ಹೆಡ್ ಬಿಚ್ಚಬೇಕಾಗುತ್ತದೆ. ಇದಕ್ಕೆ ಮುನ್ಸೂಚನೆ ಹೆಚ್ಚಾಗಿ ಇರುವುದೇ ಇಲ್ಲ. ಹಾಗಾಗಿ ಎಷ್ಟು ಕಿ.ಮೀ., ಎಷ್ಟು ವರ್ಷಕ್ಕೆ ಬದಲಿಸಬೇಕು ಎಂಬುದನ್ನು ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ ನೋಡಿ.

ಗಾಡಿಯನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದರೆ ಬಿಲ್ ಕೇಳಿ. "ಹೋದ ವರ್ಷ ಹಾಕಿಸಿದ್ವಿ" ಎಂಬ ಬಾಯಿಮಾತು ಲೆಕ್ಕಕ್ಕಿಲ್ಲ. ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಎಂದೇ ಹಿಡಿದು ಹೊಸದು ಹಾಕಿಸಿ. ಬೆಲ್ಟ್ ಜೊತೆಗೆ ಟೆನ್ಷನರ್, ಐಡ್ಲರ್, ವಾಟರ್ ಪಂಪ್ ಒಟ್ಟಿಗೆ. ಪಂಪ್ ಅದೇ ಬೆಲ್ಟಿನಿಂದ ತಿರುಗುವುದು. ಅದನ್ನು ಹಾಗೇ ಬಿಟ್ಟರೆ ನಾಳೆ ಪಂಪ್ ಕೆಟ್ಟಾಗ ಅದೇ ಕೂಲಿ ಇನ್ನೊಮ್ಮೆ ಕೊಡಬೇಕು.

ಮೆಕ್ಯಾನಿಕ್ಕಿಗೆ ಒಂದೇ ಪ್ರಶ್ನೆ ಕೇಳಿ: "ಕ್ಯಾಮ್, ಕ್ರ್ಯಾಂಕ್ ಲಾಕ್ ಮಾಡುವ ಪಿನ್ ಸೆಟ್ ಇದೆಯಾ?" ವೈಟ್ನರ್‌ನಲ್ಲಿ ಗುರುತು ಹಾಕಿ ಮಾಡ್ತೀನಿ ಅಂದರೆ ಬೇರೆ ಗ್ಯಾರೇಜ್ ನೋಡಿ.

ಇದು ಮನೆಯಲ್ಲಿ ಕಲಿಯುತ್ತಾ ಮಾಡುವ ಕೆಲಸ ಅಲ್ಲ.

## ಹಂತ 4: ಎಂಜಿನ್ ಆಯಿಲ್

ಡಬ್ಬಿಯ ಮೇಲಿನ 5ಡಬ್ಲ್ಯೂ-40 ಅಥವಾ 5ಡಬ್ಲ್ಯೂ-30 ಎಂಬ ಮಂದತೆಯ ಗುರುತು ಮಾತ್ರ ನೋಡಿದರೆ ಸಾಲದು. ಹಿಂಬದಿಯಲ್ಲಿ ಫೋಕ್ಸ್‌ವ್ಯಾಗನ್ ಮಾನ್ಯತೆಯ ನಂಬರ್ ಇರಬೇಕು. 502.00, 507.00 ಇಂಥವು. ನಿಮ್ಮ ಎಂಜಿನ್ನಿಗೆ ಯಾವುದು ಎಂಬುದು ಗಾಡಿಯ ಪುಸ್ತಕದಲ್ಲಿದೆ.

ಆಯಿಲ್ ಹಾಕುವಾಗ ಜಾಸ್ತಿ ತುಂಬುವುದು ಕಡಿಮೆ ಇರುವಷ್ಟೇ ಕೆಟ್ಟದ್ದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆರಿಸಿ ಐದು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ನೋಡಿ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿಸಿ.

ಇದೇ ಹೊತ್ತಿಗೆ ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ಸಂಪನ್ನು ಟಾರ್ಚ್ ಹಾಕಿ ನೋಡಿ. ನಮ್ಮ ಊರಿನ ರಸ್ತೆಗಳ ಬಣ್ಣ ಬಳಿಯದ ಹಂಪುಗಳಿಗೆ ತಾಗಿ ತಗ್ಗಾಗಿರುವುದುಂಟು. ತಗ್ಗಿನ ಸುತ್ತ ಒದ್ದೆ ಇದ್ದರೆ ಸಂಪ್ ಬದಲಿಸಿ. ಎಂ-ಸೀಲ್ ಮೆತ್ತಿಕೊಂಡು ಹೊರಡಬೇಡಿ.

## ಹಂತ 5: ಬ್ರೇಕ್

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವಾಗ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು ಇಳಿಯಬೇಕು. ಅಲ್ಲಿ ಪ್ಯಾಡ್ ದಪ್ಪ ಇದ್ದರಷ್ಟೇ ಸಾಲದು, ಬ್ರೇಕ್ ಆಯಿಲ್ ಸರಿ ಇರಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಹೀರಿದ್ದಕ್ಕೆ ಆ ದರ್ಜೆಯ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಆಯಿಲ್ ಕುದಿದು ಗುಳ್ಳೆ ಏಳುತ್ತದೆ, ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಎರಡು ವರ್ಷವಾಗಿದ್ದರೆ ಬಣ್ಣ ನೋಡದೆ ಬದಲಿಸಿ.

ಮುಂದಿನ ಪ್ಯಾಡ್‌ನಲ್ಲಿ ಉಜ್ಜುವ ಪದರ 4 ಮಿ.ಮೀ.ಗಿಂತ ಕಡಿಮೆ ಇದ್ದರೆ ಪ್ರಯಾಣಕ್ಕೆ ಮುಂಚೆ ಹೊಸದು ಹಾಕುವುದು ನನ್ನ ರೂಢಿ. ಹೊರಗಿನ ಪ್ಯಾಡ್ ಮಾತ್ರ ನೋಡಬೇಡಿ, ಒಳಗಿನದು ಬೇಗ ಸವೆದಿರಬಹುದು. ಪ್ಯಾಡನ್ನು ಒತ್ತುವ ಕ್ಯಾಲಿಪರ್ ಜಾರುವ ಪಿನ್‌ಗಳನ್ನು ತೆಗೆದು ಒರೆಸಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿಸಿ. ಹಿಂದಿನ ಡ್ರಮ್ ಬಿಚ್ಚಿದಾಗ ಒಳಗೆ ಒದ್ದೆ ಕಂಡರೆ ವೀಲ್ ಸಿಲಿಂಡರ್ ಲೀಕ್. ಅದನ್ನು ಎರಡೂ ಬದಿ ಬದಲಿಸಿ.

## ಹಂತ 6: ಟೈರ್, ಬುಷ್, ವೀಲ್ ಬೋಲ್ಟ್

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ ಟೈರಿನಲ್ಲಿ ಎಕ್ಸ್‌ಪ್ರೆಸ್‌ವೇ ಹತ್ತಲು ನನಗೆ ಮನಸ್ಸಿಲ್ಲ, ಗೆರೆ ಎಷ್ಟೇ ಆಳವಿರಲಿ. ಸ್ಟೆಪ್ನಿಯ ವಯಸ್ಸನ್ನೂ ನೋಡಿ, ಗಾಳಿ ತುಂಬಿಸಿ.

ಹಂಪು ಇಳಿಯುವಾಗ ಮುಂದೆ "ಟಕ್" ಅಂದರೆ ಹೆಚ್ಚಾಗಿ ಲಿಂಕ್ ರಾಡ್. ಬ್ರೇಕ್ ಹಾಕಿದಾಗ "ಧಡ್" ಅಂದರೆ ಲೋವರ್ ಆರ್ಮ್ ಬುಷ್ (ಸಸ್ಪೆನ್ಷನ್ ತೋಳಿನ ರಬ್ಬರ್). ಬುಷ್ ಹಾಕಿಸಿದರೆ ಅಲೈನ್‌ಮೆಂಟ್ ಆಮೇಲೆ ಮಾಡಿಸಿ. ಅಲೈನ್‌ಮೆಂಟ್ ಮೊದಲು ಮಾಡಿಸಿ ಬುಷ್ ಆಮೇಲೆ ಹಾಕಿಸಿದರೆ ಆ ದುಡ್ಡು ಸುಮ್ನೆ ಹೋದಂತೆ.

ಈ ಗಾಡಿಗಳ ಚಕ್ರಕ್ಕೆ ನಟ್ ಇಲ್ಲ, ಬೋಲ್ಟ್ ಇದೆ. ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ ಹಿಡಿಸಿ, ಆಮೇಲೆ ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರ್. ಪಂಕ್ಚರ್ ಅಂಗಡಿಯ ಗಾಳಿ ಗನ್ನಿನಲ್ಲಿ ಬಿಗಿಸಿಕೊಂಡು ಬಂದರೆ, ದಾರಿಯಲ್ಲಿ ಗಾಡಿ ಜೊತೆ ಬಂದ ಪಾನಾದಲ್ಲಿ ಬಿಚ್ಚಲು ಆಗುವುದಿಲ್ಲ. ಚಕ್ರ ತೆಗೆದು ಹಾಕಿದ 50-100 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಿ.

## ಹಂತ 7: ಬ್ಯಾಟರಿ ಮತ್ತು ದೀಪ

ಮಲ್ಟಿಮೀಟರ್ ಹಿಡಿದು ನೋಡಿ. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ, ಎಂಜಿನ್ ಓಡುವಾಗ 13.8ರಿಂದ 14.5. ನಾಲ್ಕು ವರ್ಷದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಹೊಸದು ಹಾಕಿ. ಬ್ಯಾಟರಿ ಬಿಚ್ಚುವ ಮುಂಚೆ ಮ್ಯೂಸಿಕ್ ಸಿಸ್ಟಮ್ಮಿನ ಕೋಡ್ ಹುಡುಕಿಟ್ಟುಕೊಳ್ಳಿ.

ಬ್ರೇಕ್ ಲೈಟನ್ನು ಹಿಂದೆ ಯಾರನ್ನಾದರೂ ನಿಲ್ಲಿಸಿ ನೋಡಿ. ಪೆಡಲ್ ಬಳಿಯ ಬ್ರೇಕ್ ಸ್ವಿಚ್ ಕೆಟ್ಟರೆ ಪೆಟ್ರೋಲಿನಲ್ಲಿ ಇಪಿಸಿ ಎಂದು ಬರೆದಿರುವ ಎಚ್ಚರಿಕೆ ದೀಪ, ಡೀಸೆಲಿನಲ್ಲಿ ಸ್ಪ್ರಿಂಗಿನಂತಿರುವ ಗ್ಲೋ ದೀಪ ಮಿನುಗಬಹುದು. ಇಂಜೆಕ್ಟರ್ ಹೋಯಿತೆಂದು ಹೆದರುವ ಮುಂಚೆ ಈ ಸಣ್ಣ ಸ್ವಿಚ್ ನೋಡಿಸಿ.

ಡಿಎಸ್‌ಜಿ (ಆಟೋಮ್ಯಾಟಿಕ್) ಗೇರ್‌ಬಾಕ್ಸ್ ಇದ್ದು, ಗೇರ್ ತೋರಿಸುವ ಅಕ್ಷರ ಮಿನುಗುತ್ತಿದ್ದರೆ, ಒಂದರಿಂದ ಎರಡಕ್ಕೆ ಹೋಗುವಾಗ ನಡುಗಿದರೆ, ಪ್ರಯಾಣವನ್ನೇ ಮುಂದೂಡಿ. ಅದನ್ನು ದಾರಿಯಲ್ಲಿ ಸರಿ ಮಾಡಿಕೊಳ್ಳಲು ಆಗುವುದಿಲ್ಲ.

## ಹಂತ 8: ಒಂದು ವಾರ ಮೊದಲು, ಪರೀಕ್ಷೆಯ ಓಟ

ಎಲ್ಲ ಕೆಲಸ ಮುಗಿದ ಮೇಲೆ ಮೂರು ಓಟ.

ಮೊದಲು ಮೈಸೂರಿನ ರಿಂಗ್ ರೋಡ್ ಎರಡು ಸುತ್ತು. ಸದ್ದು ಕೇಳಿಸಿಕೊಳ್ಳಿ, ರೇಡಿಯೋ ಬೇಡ. ಮನೆಗೆ ಬಂದು ರಟ್ಟು ಹಾಸಿ.

ಎರಡನೆಯದು ಚಾಮುಂಡಿ ಬೆಟ್ಟ. ಎಸಿ ಹಾಕಿ ಹತ್ತಿ, ಸ್ಕ್ಯಾನರಿನಲ್ಲಿ ಬಿಸಿ ನೋಡುತ್ತಿರಿ. 105 ದಾಟುತ್ತಲೇ ಹೋದರೆ ಹಂತ 2ಕ್ಕೆ ವಾಪಸ್. ಇಳಿಯುವಾಗ ಎರಡನೇ ಗೇರ್. ಕೆಳಗೆ ಬಂದು ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಮುಂದಿನವು ಹಿಂದಿನವಕ್ಕಿಂತ ಬಿಸಿ ಇರುವುದು ಸಹಜ. ಆದರೆ ಎಡ ಬಲಕ್ಕೆ ತುಂಬಾ ವ್ಯತ್ಯಾಸ ಇದ್ದರೆ ಬಿಸಿ ಜಾಸ್ತಿ ಇರುವ ಕಡೆ ಕ್ಯಾಲಿಪರ್ ಹಿಡಿದುಕೊಂಡಿದೆ.

ಮೂರನೆಯದು ಮದ್ದೂರಿಗೆ ಹೋಗಿ ಬರುವುದು, ಸುಮಾರು 130 ಕಿ.ಮೀ. ಹೋಗುವಾಗ ಎಕ್ಸ್‌ಪ್ರೆಸ್‌ವೇ, ಅಲ್ಲಿನ ಮಿತಿ 100, ಅದರೊಳಗೇ ಇರಿ. ಸ್ಟೇರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್. ಬರುವಾಗ ಸರ್ವಿಸ್ ರಸ್ತೆಯ ಹಂಪುಗಳ ಮೇಲೆ ಬನ್ನಿ, ಬುಷ್ ಕೆಲಸ ಹೇಗಾಗಿದೆ ಎಂದು ತಿಳಿಯುತ್ತದೆ. ಕಬ್ಬು ಕಟಾವಿನ ಕಾಲದಲ್ಲಿ ಸಂಜೆಯ ಮೊದಲೇ ವಾಪಸಾಗಿ. ಹಿಂದೆ ದೀಪವಿಲ್ಲದ ಟ್ರೇಲರ್‌ಗಳು ಕತ್ತಲಲ್ಲಿ ಕಾಣುವುದೇ ಇಲ್ಲ.

ಮೂರೂ ಆದ ಮೇಲೆ ಮತ್ತೆ ಸ್ಕ್ಯಾನ್, ಮತ್ತೆ ಕೂಲೆಂಟ್ ಟೇಪಿನ ಗುರುತು, ಮತ್ತೆ ವೀಲ್ ಬೋಲ್ಟ್. ಇದಾದ ಮೇಲೆ ಹೊರಡುವವರೆಗೆ ಯಾರಿಗೂ ಬಾನೆಟ್ ಒಳಗೆ ಕೈ ಹಾಕಲು ಬಿಡಬೇಡಿ.

## ಹಂತ 9: ಡಿಕ್ಕಿಯಲ್ಲಿ ಇರಬೇಕಾದದ್ದು

ಒಂದು ಲೀಟರ್ ಅದೇ ದರ್ಜೆಯ ಆಯಿಲ್. ಬೆರೆಸಿಟ್ಟ ಕೂಲೆಂಟ್ ಎರಡು ಲೀಟರ್. ಫ್ಯೂಸ್, ಹೆಡ್‌ಲೈಟ್ ಬಲ್ಬ್, ಒಂದೆರಡು ಸ್ಪ್ರಿಂಗ್ ಕ್ಲಾಂಪ್, ಟಾರ್ಕ್ಸ್ ಬಿಟ್, ಟಾರ್ಚ್, ಎಚ್ಚರಿಕೆಯ ತ್ರಿಕೋನ. ಟಿಎಸ್ಐ (ಟರ್ಬೊ ಪೆಟ್ರೋಲ್) ಇದ್ದರೆ ಒಂದು ಇಗ್ನಿಷನ್ ಕಾಯಿಲ್. ಅಲಾಯ್ ಚಕ್ರ ಇದ್ದು ಕಳ್ಳರಿಗೆಂದು ಲಾಕ್ ಬೋಲ್ಟ್ ಹಾಕಿಸಿದ್ದರೆ ಅದರ ಕೀಲಿ. ಇದನ್ನು ಮನೆಯ ಡ್ರಾಯರ್‌ನಲ್ಲೇ ಬಿಟ್ಟು ಹೋಗುವವರು ತುಂಬಾ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ರಿಪೇರಿಗೆ ಎರಡು ತಾಸು ಹಿಡಿದರೂ ಗೇಟು ಮುಚ್ಚುವ ಮುಂಚೆ ತಲುಪುವಂತೆ ಹೊರಡುವ ಹೊತ್ತು ಇಟ್ಟುಕೊಳ್ಳಿ.

## ಹಂತ 10: ದಾರಿಯಲ್ಲಿ ದೀಪ ಉರಿದರೆ

ಕೆಂಪು ಆಯಿಲ್ ದೀಪ: ಆಯಿಲ್ ಪ್ರೆಶರ್ ಇಲ್ಲ. ಸುರಕ್ಷಿತ ಜಾಗದಲ್ಲಿ ಕೂಡಲೇ ನಿಲ್ಲಿಸಿ, ಎಂಜಿನ್ ಆರಿಸಿ. ಮಟ್ಟ ಸರಿಯಿದ್ದರೂ ದೀಪ ಹೋಗದಿದ್ದರೆ ಟೋಯಿಂಗ್‌ಗೆ ಕರೆ ಮಾಡಿ. "ಮುಂದಿನ ಊರಿನವರೆಗೆ" ಅಂದುಕೊಂಡರೆ ಎಂಜಿನ್ ಉಳಿಯುವುದಿಲ್ಲ.

ಕೆಂಪು ಕೂಲೆಂಟ್ ದೀಪ: ಮಟ್ಟ ಇಳಿದಿದೆ ಅಥವಾ ಬಿಸಿ ಏರಿದೆ. ನಿಲ್ಲಿಸಲು ಜಾಗ ಸಿಗುವವರೆಗೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ. ನಿಂತ ಮೇಲೆ ಡಬ್ಬಿಯ ಮುಚ್ಚಳ ಮುಟ್ಟಬೇಡಿ. ಒಳಗೆ ಒತ್ತಡ ಇರುತ್ತದೆ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ, ಬಟ್ಟೆ ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಬೇರೆ ದಾರಿ ಇಲ್ಲದೆ ಬಾಟಲಿ ನೀರು ಹಾಕಬೇಕಾಗಿ ಬಂದರೆ ಹಾಕಿ. ಊರಿಗೆ ಬಂದ ವಾರದಲ್ಲೇ ಪೂರ್ತಿ ಖಾಲಿ ಮಾಡಿಸಿ, ಹೊಸ ಕೂಲೆಂಟ್ ತುಂಬಿಸಿ.

ಹಳದಿ ಎಂಜಿನ್ ದೀಪ ಸುಮ್ನೆ ಉರಿಯುತ್ತಿದ್ದರೆ ನಿಧಾನಕ್ಕೆ ಹೋಗಿ ಸ್ಕ್ಯಾನ್ ಮಾಡಬಹುದು. ಪೆಟ್ರೋಲ್ ಗಾಡಿಯಲ್ಲಿ ಅದು ಮಿನುಗುತ್ತಿದ್ದು, ಎಂಜಿನ್ ಕುಂಟುತ್ತಿದ್ದರೆ ಒಂದು ಸಿಲಿಂಡರ್ ಉರಿಯುತ್ತಿಲ್ಲ. ನಿಲ್ಲಿಸಿ, ಕಾಯಿಲ್ ಬದಲಿಸಿ.

ಮನೆಗೆ ಬಂದ ರಾತ್ರಿ ಮತ್ತೆ ರಟ್ಟು ಹಾಸಿ ಮಲಗಿ. ಬೆಳಿಗ್ಗೆ ಅದರ ಮೇಲೆ ಏನಿದೆ ಎಂದು ನೋಡಿ, ತಾರೀಖು ಮತ್ತು ಕಿ.ಮೀ. ಜೊತೆಗೆ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಪ್ರಯಾಣದ ಹಂತ 1 ಆ ಪುಟದಿಂದಲೇ ಶುರು.